ಖಾನಾಪುರದ ಆರೋಗ್ಯದ ಲೆಕ್ಕ ಎಲ್ಲೈತಿ?

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ್ಯಾಗ ಎಷ್ಟು ಹೆಣ್ಮಕ್ಕಳಿಗೆ ರಕ್ತ ಕಡಿಮಿ ಐತಿ?
ನೆಟ್‌ನ್ಯಾಗ ಹುಡುಕಿದ್ರ ಬರೇ ಜಿಲ್ಲೆಯ ಅಂಕಿ ಬರ್ತೈತಿ.
ಯಾಕ ಅಂತೀರಿ?

ಆ ಅಂಕಿ ಬರೂದು ದೇಶದ ದೊಡ್ಡ ಆರೋಗ್ಯ ಸಮೀಕ್ಷೆ, ಎನ್‌ಎಫ್‌ಎಚ್‌ಎಸ್‌ನಿಂದ.
ಮೊದಲನೇದು 1992-93ರಾಗ.
ಐದನೇದು 2019-21ರಾಗ.
ಮುಂಬೈನ ಐಐಪಿಎಸ್ ಸಂಸ್ಥೆ ನಡಸ್ತೈತಿ.
ಐದನೇ ಸಲ ಆರು ಲಕ್ಷಕ್ಕೂ ಹೆಚ್ಚು ಮನಿಗೆ ಹೋಗಿ ಕೇಳ್ಯಾರ.
ಹಿಮೋಗ್ಲೋಬಿನ್, ಬಿಪಿ, ಶುಗರ್,
ಮಕ್ಕಳ ಎತ್ತರ, ತೂಕ...
ಎಲ್ಲಾ ಅಳದಾರ.

ಆದ್ರ ಆಯ್ದ ಮನಿಗಷ್ಟ ಹೋಗಿದ್ದಕ್ಕ ಈ ಲೆಕ್ಕ ಜಿಲ್ಲೆಗೆ ಬಂದು ನಿಲ್ತೈತಿ.
ಅನ್ನ ಬೆಂದೈತೇನು ಅಂತ ನಾಕ ಅಗಳು ಹಿಚುಕಿ ನೋಡ್ತೀವಲ್ಲ, ಹಂಗ.
ಇಡೀ ಬೋಗಾಣಿದು ತಿಳೀತೈತಿ.
ತಳದಾಗ ಒಂದು ಮೂಲಿಗೆ ಏನಾಗೇತಿ, ತಿಳಿಯೂದಿಲ್ಲ.

ಬೆಳಗಾವಿ ಶಹರ, ಖಾನಾಪುರದ ಕಾಡಿನ ಹಳ್ಳಿ,
ಎರಡೂ ಒಂದ ಸರಾಸರಿಯೊಳಗ!
ಅದನ್ನ ತಂದು "ಖಾನಾಪುರದಾಗ ಹಿಂಗೈತಿ" ಅಂತ ಪ್ರಾಜೆಕ್ಟ್‌ನ್ಯಾಗ ಬರದ್ರ,
ತಪ್ಪು.

ಹಂಗಾರ ಏನ್ ಮಾಡೂದು?
ರಾಣಿ ಚನ್ನಮ್ಮ ವಿವಿ ಇರ್ಲಿ, ನಿಮ್ಮ ಕಾಲೇಜ ಇರ್ಲಿ,
ಲೈಬ್ರರಿಗೆ ಹೋಗ್ರಿ.
ಬರೇ "ಆರೋಗ್ಯದ ಡೇಟಾ ಕೊಡ್ರಿ" ಅನಬ್ಯಾಡ್ರಿ.
ಯಾವ ತಾಲೂಕು, ಯಾವ ವರ್ಷ, ಯಾರ ಬಗ್ಗೆ,
ಬಿಡಿಸಿ ಹೇಳ್ರಿ.

2011ರ ಜನಗಣತಿಯ ಜಿಲ್ಲಾ ಕೈಪಿಡಿ ಕೇಳ್ರಿ.
ಯಾವ ಹಳ್ಳಿಗೆ ಆಸ್ಪತ್ರೆ ಎಷ್ಟು ದೂರ,
ಅದರಾಗ ಹಳ್ಳಿವಾರು ಐತಿ.

ಆಮ್ಯಾಲೆ ಶೋಧಗಂಗಾ ವೆಬ್‌ಸೈಟ್.
ದೇಶದ ವಿವಿಗಳ ಪಿಎಚ್‌ಡಿ ಪ್ರಬಂಧ ಅಲ್ಲಿರ್ತಾವ.
ಹುಡುಕುವಾಗ ಬೆಳಗಾವಿ ಅಂತನೂ ಹಾಕ್ರಿ, ಬೆಳಗಾಂ ಅಂತನೂ ಹಾಕ್ರಿ.
ಹೆಸರು ಬದಲಾಗಿದ್ದು 2014ರಾಗ,
ಹಳೇ ಪ್ರಬಂಧ ಹಳೇ ಹೆಸರಿನ್ಯಾಗ ಅದಾವ.

ಶೋಧಗಂಗಾ ಪುಕ್ಕಟೆ ಐತಿ.
ಇವತ್ತ ತಗದು ನೋಡ್ರಿ.