ಸರ್ವರ್ ಎಂಬ ಉಗ್ರಾಣಿ

“ಅಲ್ಲೋ ತಮ್ಮಾ, ಆ ಸರ್ವರ್ ಅನ್ನಾಂವ ಯಾವ ಊರಾಂವಪಾ? ನಾಕ ದಿನಾ ಆತು, ಕಚೇರಿಗೆ ಬಂದ ಇಲ್ಲಂತ!”

ಘಟಪ್ರಭೆಯ ದಂಡೆಯ ಹಳ್ಳಿಯೊಂದರಲ್ಲಿ ನಾಲ್ಕೆಕರೆ ಕಬ್ಬು ಬೆಳೆಯುವ ನನ್ನ ಸೋದರಮಾವನವರು ಹೀಗೆ ಕೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. ಅವರ ಪ್ರಾಯದವರಿಗೆ ಸರ್ವರ್ ಎಂದರೆ ಹೆಗಲ ಮೇಲೊಂದು ವಸ್ತ್ರ ಹೊದ್ದು, ಒಂದೇ ಕೈಯಲ್ಲಿ ಐದು ಲೋಟ ಚಹಾ ಹಿಡಿದು ಬರುವ ಉಡುಪಿ ಹೋಟೆಲಿನ ಮಾಣಿ. ಆದರೆ ಮಾವನವರ ಮುಖದಲ್ಲಿ ನಗುವಿರಲಿಲ್ಲ. ಬೆಳೆಸಾಲದ ಗಡುವು ಸಮೀಪಿಸಿತ್ತು. ಬ್ಯಾಂಕಿನವರು ಹೊಸ ಉತಾರ ತನ್ನಿರೆಂದಿದ್ದರು. ಉತಾರ ಕೊಡುವ ಕಿಟಕಿಗೆ ‘ತಂತ್ರಾಂಶ ಉನ್ನತೀಕರಣ ನಡೆದಿದೆ’ ಎಂಬ ಚೀಟಿ ಅಂಟಿತ್ತು. ನಾಲ್ಕು ಸಲ ಬಸ್ಸು ಹತ್ತಿ ಇಳಿದವರಿಗೆ ಆ ಆರು ಅಂಗುಲದ ಚೀಟಿಯೇ ಸರಕಾರವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಚೀಟಿಯ ಹಿಂದೆ ನಡೆಯುವುದೇನೆಂದು ಅವರಿಗೆ ತಿಳಿಸಹೋಗಿ, ಬಲ್ಲವರನ್ನು ಕೇಳಿ ಕೇಳಿ, ಕನ್ನಡದ ಮೇಷ್ಟ್ರಾದ ನಾನೇ ಹಲವು ಸಂಗತಿಗಳನ್ನು ಕಲಿತೆನು.

ಕರ್ನಾಟಕದ ಹೊಲಗದ್ದೆಗಳ ಲೆಕ್ಕವು ಒಂದು ಕಾಲಕ್ಕೆ ಸುಮಾರು 9,000 ಗ್ರಾಮ ಲೆಕ್ಕಿಗರ ಕಪಾಟುಗಳಲ್ಲಿತ್ತು. ನಮ್ಮ ಗೋಕಾಕ ಹುಕ್ಕೇರಿಗಳ ಕಡೆ ಅವರು ತಲಾಠಿಗಳು. ದಕ್ಷಿಣದವರ ಪಹಣಿ ನಮಗೆ ಉತಾರ. 2002ರ ವೇಳೆಗೆ ‘ಭೂಮಿ’ ಯೋಜನೆಯು 177 ತಾಲೂಕುಗಳ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಮುಂದಾಳು ರಾಜೀವ್ ಚಾವ್ಲಾ ಎಂಬ ಅಧಿಕಾರಿಗಳು. ತಂತ್ರಾಂಶ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ್ದು. ಆಗ 15 ರೂಪಾಯಿ ಕೊಟ್ಟರೆ ಉತಾರ ಸಿಗುತ್ತಿತ್ತು. ಯಂತ್ರದಲ್ಲಿ ಏನು ತೋರುತ್ತಿದೆ ಎಂಬುದನ್ನು ರೈತನೂ ನೋಡಲೆಂದು ಜನರ ಕಡೆಗೆ ಮುಖ ಮಾಡಿದ ಎರಡನೆಯ ಪರದೆ. ಅದರೊಂದಿಗೆ ಕೈಬರಹದ ಪ್ರತಿಗಳ ಮಾನ್ಯತೆಯೂ ತೀರಿತು. ಲಂಚಕ್ಕೆ ಬಿದ್ದ ಒಳ್ಳೆಯ ಪೆಟ್ಟೇ ಸರಿ. ಆದರೆ ಯಂತ್ರ ನಿಂತರೆ ಬೇರೆ ಕಡೆ ಹೋಗಿ ಕೇಳುವಂತೆಯೂ ಉಳಿಯಲಿಲ್ಲ.

ಮೊದಮೊದಲು ತಾಲೂಕಿಗೊಂದು ಉಗ್ರಾಣ ಯಂತ್ರವಿತ್ತು. ಬಳಿಕ ಎಲ್ಲವೂ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರವನ್ನು ಸೇರಿತು. ಮನೆಯಲ್ಲಿ ಕುಳಿತು ಜಾಲದ ಮೂಲಕ ಉತಾರ ತೆಗೆಯುವ ಸೌಕರ್ಯವೂ ಅದೇ ಉಗ್ರಾಣವನ್ನು ನೆಚ್ಚಿದೆ. ಸರ್ವರ್ ಎಂಬುದು ಈ ಉಗ್ರಾಣದ ಉಗ್ರಾಣಿ. ಕೇಳಿದವರಿಗೆ ಕೇಳಿದ್ದನ್ನು ಹುಡುಕಿ ಕೊಡುವುದು ಅವನ ಕೆಲಸ.

ಅಂಥ ಉಗ್ರಾಣಿಗೆ ಹೊಸ ವಿದ್ಯೆ ಕಲಿಸುವುದು ಹೇಗೆ? ಮಾವನವರಿಗೆ ನಾನು ಹಗೇವಿನ ಮಾತು ಹೇಳಿದೆ. ಹಗೇವಿನ ಬಾಯಿ ತೆರೆದ ಕೂಡಲೇ ಯಾರೂ ಒಳಗಿಳಿಯುವುದಿಲ್ಲ. ಮೊದಲು ಉರಿಯುವ ಕಂದೀಲನ್ನು ಹಗ್ಗದಲ್ಲಿ ಇಳಿಬಿಟ್ಟು ನೋಡುತ್ತಾರೆ. ದೀಪ ಆರಿದರೆ ಒಳಗಿನ ಗಾಳಿ ಕೆಟ್ಟಿದೆ ಎಂದರ್ಥ. ಯಂತ್ರದ ಕೆಲಸದವರೂ ಹಾಗೆಯೇ ಮಾಡುತ್ತಾರೆ. ಉಗ್ರಾಣದ ನಕಲೊಂದನ್ನು ಬೇರೆ ಯಂತ್ರದಲ್ಲಿ ಕಟ್ಟಿ, ಹೊಸ ತಂತ್ರಾಂಶವನ್ನು ಮೊದಲು ಅದರ ಮೇಲೆ ನಡೆಸುತ್ತಾರೆ. ಇದು ಅವರ ಕಂದೀಲು.

ನಕಲು ತೆಗೆದಿಟ್ಟರೆ ಸಾಲದು. ಆ ನಕಲಿನಿಂದ ಮತ್ತೆ ಪೂರ್ತಿ ಉಗ್ರಾಣ ಕಟ್ಟಲು ಬರುತ್ತದೆಯೋ ಇಲ್ಲವೋ ನೋಡಬೇಕು. ತೆರೆಯಲಾಗದ ನಕಲು ಕೀಲಿಕೈ ಕಳೆದ ತಿಜೋರಿ. ಮನೆಗೆ ಸುಣ್ಣ ಬಳಿಯುವಾಗ ಸಾಮಾನು ಹೊರಗಿಡಲು ಅಂಗಳ ಬೇಕಾದಂತೆ ಇಲ್ಲಿಯೂ ಬಿಡುವಾದ ಜಾಗ ಬೇಕು. ವಿದ್ಯುತ್ತು ನಡುವೆ ಹೋದರೆ ಆಧಾರವಾಗಲು ಬ್ಯಾಟರಿ ಬೇಕು. ಎಲ್ಲಕ್ಕಿಂತ ಮಿಗಿಲಾಗಿ ಬರೆಹ ನಿಲ್ಲಬೇಕು: ವಾರಸಾ, ಖರೀದಿ, ವಾಟ್ನಿ ಇವುಗಳ ವರ್ದಿಗಳು ಅರ್ಧ ದಾರಿಯಲ್ಲಿರುವಾಗ ಉಗ್ರಾಣ ಬದಲಿಸಿದರೆ ಹೊಲವು ಅತ್ತ ಅಪ್ಪನದೂ ಅಲ್ಲ, ಇತ್ತ ಮಗನದೂ ಅಲ್ಲ ಎಂಬಂತಾದೀತು. ಕಿಟಕಿ ಮುಚ್ಚುವುದು ಇದಕ್ಕಾಗಿ.

ಆಮೇಲೆ ಎಣಿಕೆ. ಹಿಂದೆ ಎಷ್ಟು ದಾಖಲೆ, ಈಗ ಎಷ್ಟು? ಸಂಖ್ಯೆ ಸರಿಹೊಂದಿದರೂ ನೆಮ್ಮದಿಯಿಲ್ಲ. ನಮ್ಮ ನೆಲದ ಅಳತೆಯೇ ಒಂದು ಬಲೆ. 40 ಗುಂಟೆಗೆ ಎಕರೆ, 16 ಆಣೆಗೆ ಗುಂಟೆ. ‘1.20’ ಎಂದು ಬರೆದರೆ ರೈತನಿಗೆ ಅದು ಒಂದು ಎಕರೆ ಇಪ್ಪತ್ತು ಗುಂಟೆ, ಅಂದರೆ ಒಂದೂವರೆ ಎಕರೆ. ಹೇಳಿಕೊಡದ ಯಂತ್ರ ಅದನ್ನು ದಶಮಾಂಶವೆಂದು ಓದಿದರೆ ಒಂದು ಎಕರೆ ಎಂಟು ಗುಂಟೆಯಾಗುತ್ತದೆ! ಹನ್ನೆರಡು ಗುಂಟೆ ನೆಲ ಒಂದು ಚುಕ್ಕೆಯಲ್ಲಿ ಮಾಯ.

ಅಕ್ಷರಗಳ ಕಥೆ ಇನ್ನೂ ಸ್ವಾರಸ್ಯದ್ದು. ಕನ್ನಡ ಲಿಪಿ ಯೂನಿಕೋಡ್ ಎಂಬ ಜಾಗತಿಕ ಸಂಕೇತಪದ್ಧತಿಯ 1991ರ ಮೊದಲ ಆವೃತ್ತಿಯಲ್ಲಿಯೇ ಇದೆ. ಅದರಲ್ಲಿ ‘ಗೋ’ ಎಂಬುದನ್ನು ಗಕಾರ ಮತ್ತು ಒಂದೇ ಓತ್ವದ ಚಿಹ್ನೆಯಾಗಿ ಬರೆಯಬಹುದು. ಗಕಾರಕ್ಕೆ ಎತ್ವ, ಕೊಂಬು, ದೀರ್ಘ ಎಂದು ಬಿಡಿಬಿಡಿಯಾಗಿ ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ, ಎರಡನ್ನೂ ಒಂದಾಗಿಸಿಕೊಳ್ಳೆಂದು ಹೇಳದಿದ್ದರೆ, ಅವು ಬೇರೆ ಬೇರೆ ಊರು. ಹೀಗೆ ಗೋಕಾಕಕ್ಕೆ ಎರಡು ರೂಪ. ‘ಕ್ಕೇ’ ಇರುವ ಹುಕ್ಕೇರಿಗೂ ಅದೇ ಗತಿ. ಮೂಡಲಗಿಯ ಅಕ್ಷರಗಳಲ್ಲಿ ಮಾತ್ರ ಈ ತೊಡಕಿಲ್ಲ. ಇದನ್ನು ಕಂಡುಕೊಂಡ ದಿನ ನಾನು ತರಗತಿಯಲ್ಲಿ ಛಂದಸ್ಸಿನ ಪಾಠ ಬಿಟ್ಟು ಇದನ್ನೇ ಹೇಳಿದೆನು.

ಆದರೆ ಮೂಡಲಗಿಗೆ ಬೇರೆ ತೊಡಕಿತ್ತು. 2017ರ ರಾಜ್ಯ ಆಯವ್ಯಯದಲ್ಲಿ 49 ಹೊಸ ತಾಲೂಕುಗಳ ಘೋಷಣೆಯಾಯಿತು. ಮುಂದಿನ ವರ್ಷ ಮೂಡಲಗಿಯು ಗೋಕಾಕದಿಂದ ಬೇರೆಯಾಯಿತು. ಅಣ್ಣತಮ್ಮಂದಿರು ಬೇರೆಯಾದರೆ ಪಾತ್ರೆ ಹಂಚಿದರಾಯಿತು. ತಾಲೂಕು ಬೇರೆಯಾದರೆ? ಪ್ರತಿ ಹಳ್ಳಿಗೂ ಜಿಲ್ಲೆ, ತಾಲೂಕು, ಹೋಬಳಿಗಳ ಸಂಕೇತಾಂಕವುಂಟು. ಹಳ್ಳಿ ಹೊಸ ತಾಲೂಕಿಗೆ ಹೋದಾಗ ಅದರ ಪ್ರತಿಯೊಂದು ಉತಾರವೂ ಹೋಗಬೇಕು. ಗೋಕಾಕದ ಹೆಸರಿನಲ್ಲಿ ಹಿಂದೆ ಆದ ವರ್ದಿಗಳೂ ಹುಡುಕಿದರೆ ಸಿಗಬೇಕು.

ಉಗ್ರಾಣವಾದರೂ ಬೆಳೆಯುತ್ತಲೇ ಇದೆ. 2024ರಲ್ಲಿ ಮೊದಲಾದ ‘ಭೂಸುರಕ್ಷಾ’ ಯೋಜನೆ ತಾಲೂಕು ಕಚೇರಿಗಳ ದಾಖಲೆ ಕೊಠಡಿಯ ಹಳೆಯ ಕಡತಗಳ ಚಿತ್ರ ತೆಗೆದು ಗಣಕಕ್ಕೆ ಸೇರಿಸುತ್ತಿದೆ. ಅಕ್ಷರಕ್ಕಿಂತ ಚಿತ್ರ ಹೆಚ್ಚು ಜಾಗ ಬೇಡುತ್ತದೆ. ಇಂಥ ದೊಡ್ಡ ಸಂಗ್ರಹಗಳನ್ನು ಒಂದೇ ಯಂತ್ರಕ್ಕೆ ಹೊರಿಸದೆ, ಒಂದೊಂದು ಕಡತದ ಮೂರು ಪ್ರತಿಗಳನ್ನು ಮೂರು ಯಂತ್ರಗಳಲ್ಲಿ ಇಡುವ ಪದ್ಧತಿ ಲೋಕದಲ್ಲಿ ರೂಢಿಯಾಗಿದೆ. ಆಗ ತಂತ್ರಾಂಶ ಬದಲಿಸಲು ಬಾಗಿಲು ಮುಚ್ಚಬೇಕಿಲ್ಲ: ಒಂದನ್ನು ಮಲಗಿಸಿ ಎಬ್ಬಿಸಿ, ಅದು ತಾನು ಮಲಗಿದ್ದಾಗ ಬಂದ ಬರೆಹವನ್ನೆಲ್ಲ ಉಳಿದವುಗಳಿಂದ ಪಡೆದುಕೊಂಡ ಮೇಲೆಯೇ ಎರಡನೆಯದನ್ನು ಮುಟ್ಟಬೇಕು. ಅವಸರಪಟ್ಟು ಎರಡನ್ನು ಒಟ್ಟಿಗೆ ಮಲಗಿಸಿದಾಗಲೇ ಅನಾಹುತದ ಬಾಗಿಲು ತೆರೆಯುವುದು.

ಇಷ್ಟೆಲ್ಲ ಗೋಜು ಏಕೆ, ಕಾಗದವೇ ಒಳ್ಳೆಯದಿತ್ತಲ್ಲ ಎಂದು ಕೇಳುವವರಿದ್ದಾರೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕ ಪಟ್ಟಣಕ್ಕೆ ನುಗ್ಗಿದುದನ್ನು ಕಂಡವರು ಹಾಗೆ ಕೇಳಲಾರರು. ಮಾವನವರ ಮನೆಯ ನಡುವಿನ ಕೋಣೆಯಲ್ಲಿ ಸೊಂಟದ ಮಟ್ಟ ನೀರು. ಟ್ರಂಕಿನಲ್ಲಿದ್ದ ಹಳೆಯ ಖರೀದಿಪತ್ರ, ಪಾವತಿ, ಉತಾರಗಳೆಲ್ಲ ರೊಟ್ಟಿಹಿಟ್ಟಿನ ಮುದ್ದೆಯಾಗಿದ್ದವು. ಅತ್ತೆಯವರು ಅವನ್ನು ಬಿಸಿಲಿಗೆ ಹರವಿ ಕುಳಿತಿದ್ದುದನ್ನು ನಾನು ನೋಡಿದ್ದೇನೆ; ಶಾಯಿಯ ನೀಲಿ ಕಲೆಯ ಹೊರತು ಏನೂ ಉಳಿದಿರಲಿಲ್ಲ. ಅಂದು ಅವರ ನಾಲ್ಕೆಕರೆಗೆ ಸಾಕ್ಷಿ ಹೇಳಿದ್ದು ಬೆಂಗಳೂರಿನ ಉಗ್ರಾಣಿಯೇ.

ಆದರೂ ಆ ಚೀಟಿಯ ವಿಷಯದಲ್ಲಿ ನನ್ನ ಸಿಟ್ಟು ಇಳಿದಿಲ್ಲ. ಕೆಲಸ ಎಂದು ಆರಂಭ, ಎಂದು ಮುಕ್ತಾಯ ಎಂಬ ಎರಡು ತಾರೀಖುಗಳನ್ನು ಬರೆದು, ಎಂಟು ದಿನ ಮುಂಚೆಯೇ ಅಂಟಿಸಬಹುದಾಗಿತ್ತು. ಅದಕ್ಕೆ ಯಾವ ತಂತ್ರಾಂಶವೂ ಬೇಡ, ಅಂಟು ಸಾಕು.

ಐದನೆಯ ದಿನ ಕಿಟಕಿ ತೆರೆಯಿತು. ನಾನೂ ಜೊತೆಗೆ ಹೋಗಿದ್ದೆ. ಮಾವನವರು ಕನ್ನಡಕ ಏರಿಸಿಕೊಂಡು ಒಂಬತ್ತನೆಯ ಕಾಲಮಿನಲ್ಲಿ ತಮ್ಮ ಹೆಸರನ್ನೂ, ಹನ್ನೊಂದನೆಯದರಲ್ಲಿ ಸಾಲದ ಬೋಜಾವನ್ನೂ ಬೆರಳಿಟ್ಟು ಓದಿದರು. ಗುಂಟೆಯ ಲೆಕ್ಕವನ್ನು ಎರಡು ಸಲ ನೋಡಿದರು. ಬಳಿಕ ಕಿಟಕಿಯೊಳಗೆ ಬಗ್ಗಿ, “ಇನ್ನೊಂದ ಪ್ರತಿ ಕೊಡ್ರೆಪಾ, ಟ್ರಂಕಿನ್ಯಾಗ ಇಡಾಕ” ಎಂದು ಮತ್ತೆ ಹಣ ಎಣಿಸಿದರು.