ಕೀ ಗೊಂಚಲಿನ ಟಾರ್ಚ್: ಸೆಲ್ ನೋಡಿ ಕೊಳ್ಳಿ

ಮೊಬೈಲಿನಲ್ಲೇ ಟಾರ್ಚ್ ಇರುವಾಗ ಕೀ ಗೊಂಚಲಿಗೆ ಇನ್ನೊಂದು ಯಾಕೆ ಎಂದು ಕೇಳುವವರಿದ್ದಾರೆ. ಮಳೆಗಾಲದಲ್ಲಿ ಮಲೆನಾಡಿನ ಕಡೆ ಮರ ಬಿದ್ದು ಲೈನ್ ಹರಿದರೆ ಕರೆಂಟ್ ಎರಡು ಮೂರು ದಿನ ಬಾರದೆ ಇರುವುದುಂಟು. ಆಗ ಮೊಬೈಲಿನ ಚಾರ್ಜು ಮಾತಾಡುವುದಕ್ಕೆ ಉಳಿಯಬೇಕು. ಪಟ್ಟಣದ ಮನೆಯಲ್ಲೂ ರಾತ್ರಿ ಎಂಸಿಬಿ ಟ್ರಿಪ್ ಆದರೆ ಮೊಬೈಲ್ ಯಾವ ಕೋಣೆಯಲ್ಲಿದೆ ಎಂದು ತಡಕಾಡಬೇಕು. ಕೀ ಗೊಂಚಲಿನ ಜಾಗ ಮಾತ್ರ ಕತ್ತಲೆಯಲ್ಲೂ ಕೈಗೆ ಗೊತ್ತು. ಈ ಪುಟ್ಟ ಟಾರ್ಚಿನ ಕೆಲಸ ಇಷ್ಟೇ: ತಿಂಗಳುಗಟ್ಟಲೆ ಸುಮ್ಮನಿದ್ದು, ಒತ್ತಿದ ದಿನ ಹತ್ತಿಕೊಳ್ಳುವುದು. ಅದು ನಿಂತಿರುವುದು ಸೆಲ್ಲಿನ ಮೇಲೆ.

ತೀರಾ ಸರಳವಾದದ್ದು ಬಿಲ್ಲೆ ಸೆಲ್ಲಿನ ಟಾರ್ಚ್. ಪ್ಲಾಸ್ಟಿಕ್ ಚಿಪ್ಪು ಬಿಡಿಸಿದರೆ ಒಳಗೆ ಸರ್ಕ್ಯೂಟ್ ಎನ್ನುವಂಥದ್ದೇ ಇರುವುದಿಲ್ಲ. ಎಲ್‌ಇಡಿಯ ಎರಡು ತಂತಿ ಕಾಲುಗಳಲ್ಲಿ ಒಂದು ಸೆಲ್ಲಿಗೆ ತಾಗಿಕೊಂಡೇ ಇರುತ್ತದೆ, ಇನ್ನೊಂದು ಅದರ ಮತ್ತೊಂದು ಮುಖದಿಂದ ಕೂದಲೆಳೆಯಷ್ಟು ದೂರ. ಹೆಬ್ಬೆರಳಲ್ಲಿ ಅದುಮಿದರೆ ಅದೂ ತಾಗಿ ದೀಪ ಹತ್ತುತ್ತದೆ. ಬಿಳಿ ಎಲ್‌ಇಡಿಗೆ ಬೇಕಾದದ್ದು ಸುಮಾರು 3 ವೋಲ್ಟ್, ಸಿಆರ್2032 ಸೆಲ್ ಕೊಡುವುದೂ ಅಷ್ಟೇ. ಬೇರೆ ಕಡೆ ಎಲ್‌ಇಡಿ ಸುಡದಿರಲಿ ಎಂದು ರೆಸಿಸ್ಟರ್ ಹಾಕುತ್ತಾರೆ. ಇಲ್ಲಿ ಆ ಕೆಲಸವನ್ನು ಸೆಲ್ಲಿನ ಒಳಗಿನ ರೋಧವೇ ಮಾಡಿಬಿಡುತ್ತದೆ. ಹೆಚ್ಚು ಬೆಳಕಿನ ಆಸೆಗೆ ಮೂರು ಪೆನ್ಸಿಲ್ ಸೆಲ್ ಜೋಡಿಸಿದಿರೋ, ಎಲ್‌ಇಡಿ ಹೋದಂತೆಯೇ.

ಸೆಲ್ಲಿನ ಮೇಲಿನ ಅಂಕೆಯಲ್ಲೇ ಅಳತೆ ಇದೆ: 2032 ಎಂದರೆ 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ. ಕೆಲವು ಟಾರ್ಚುಗಳಲ್ಲಿ 1.6 ಮಿ.ಮೀ. ದಪ್ಪದ ಸಿಆರ್2016 ಒಂದರ ಮೇಲೊಂದು ಎರಡಿರುತ್ತವೆ. ಜಾಗ ಅಷ್ಟೇ, ವೋಲ್ಟ್ ಇಮ್ಮಡಿ. ಆದ್ದರಿಂದ ‘ಸರಿಯಾಗಿ ಕೂತಿತಲ್ಲ’ ಎಂದು ಒಂದರ ಬದಲು ಇನ್ನೊಂದನ್ನು ಹಾಕಬಾರದು.

ಈ ಸೆಲ್ ಬಳಸದೆ ಇಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಮುಗಿಯುವಾಗಲೂ ಬೆಳಕು ಮೆಲ್ಲಗೆ ಮಂಕಾಗುತ್ತಾ ಬಂದು ಮುನ್ಸೂಚನೆ ಕೊಡುತ್ತದೆ. ಯುಎಸ್‌ಬಿಯಲ್ಲಿ ಚಾರ್ಜ್ ಆಗುವವು ಇದಕ್ಕಿಂತ ಎಷ್ಟೋ ಪಾಲು ಪ್ರಖರ, ಆದರೆ ಅವು ಸುಮ್ಮನಿದ್ದರೂ ಸ್ವಲ್ಪ ಸ್ವಲ್ಪ ಇಳಿಯುತ್ತವೆ, ಖಾಲಿಯಾದಾಗ ಹಠಾತ್ತನೆ ಆರುವುದೂ ಉಂಟು. ಎರಡು ಮೂರು ತಿಂಗಳಿಗೊಮ್ಮೆ ಚಾರ್ಜಿಗಿಡುವ ಶಿಸ್ತು ಇದ್ದವರಿಗೆ ಅವು ಸರಿ. ರಿಮೋಟಿಗೆ ಹಾಕುವ ಸಣ್ಣ ಸೆಲ್ಲಿನವೂ ಇವೆ. 1.5 ವೋಲ್ಟನ್ನು ಏರಿಸುವ ಪುಟ್ಟ ಸರ್ಕ್ಯೂಟ್ ಅವುಗಳಲ್ಲಿರುತ್ತದೆ. ಸೆಲ್ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ ನಿಜ. ಮರೆತು ಒಳಗೇ ಬಿಟ್ಟರೆ ಸೋರಿ ಟಾರ್ಚನ್ನೇ ತಿನ್ನುತ್ತದೆ. ತುರ್ತಿಗೆ ಮಾತ್ರ ಬೇಕೆನ್ನುವವರಿಗೆ ನಾನು ಹೇಳುವುದು ಬಿಲ್ಲೆ ಸೆಲ್ಲಿನದನ್ನೇ. ಜೇಬಿನಲ್ಲಿ ತಾನಾಗಿ ಅದುಮಿಕೊಳ್ಳದಂತೆ ಗುಂಡಿ ಸ್ವಲ್ಪ ಗಟ್ಟಿ ಇರಲಿ.

ಬೆಳಕು ಕಡಿಮೆಯಾಯಿತು ಎನ್ನಬೇಡಿ. ಕಣ್ಣು ಕತ್ತಲೆಗೆ ಒಗ್ಗಿದ ಮೇಲೆ ಒಂದೆರಡು ಲ್ಯೂಮೆನ್‌ನಲ್ಲೇ ಔಷಧಿ ಚೀಟಿ ಓದಬಹುದು. ಮೆಟ್ಟಿಲು ಇಳಿಯುವಾಗ ಟಾರ್ಚನ್ನು ಕಣ್ಣಿನ ಎತ್ತರಕ್ಕೆ ಹಿಡಿಯದೆ ಸೊಂಟದ ಕೆಳಗೆ ಹಿಡಿಯಿರಿ. ಕಣ್ಣಿನ ಪಕ್ಕದಿಂದ ಬೆಳಕು ಹೋದರೆ ನೆರಳೆಲ್ಲ ವಸ್ತುವಿನ ಹಿಂದೆ ಅಡಗಿ ನೆಲ ಸಪಾಟಾಗಿ ಕಾಣುತ್ತದೆ. ಕೆಳಗಿನಿಂದ ಓರೆಯಾಗಿ ಬಿದ್ದರೆ ಮೆಟ್ಟಿಲಿನ ಅಂಚು, ಗುಂಡಿ, ಕಲ್ಲು ನೆರಳು ಚೆಲ್ಲಿ ಎದ್ದು ಕಾಣುತ್ತವೆ. ಮಂಜು ಮಳೆಯಲ್ಲೂ ಹೀಗೇ ಹಿಡಿದರೆ ಹನಿಗಳ ಮೇಲಿನ ಬೆಳಕು ಕಣ್ಣಿಗೆ ಅಷ್ಟು ರಾಚುವುದಿಲ್ಲ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಸ್ಕ್ರೂ ಹಾಕಿ ಮುಚ್ಚಿದ ಟಾರ್ಚನ್ನೇ ಕೊಳ್ಳಿ. ಬಿಲ್ಲೆ ಸೆಲ್ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಅಲ್ಲಿ ಸುಟ್ಟ ಗಾಯವಾಗಬಲ್ಲದು. ನುಂಗಿರಬಹುದೆಂಬ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಬೇಕು. ಮುಗಿದ ಸೆಲ್ಲಿನಲ್ಲೂ ಅಷ್ಟು ಶಕ್ತಿ ಉಳಿದಿರುತ್ತದೆ; ಹೊಸದು ಹಾಕಿದ ತಕ್ಷಣ ಹಳೆಯದರ ಎರಡೂ ಮುಖಕ್ಕೆ ಟೇಪ್ ಸುತ್ತಿ, ಇ-ತ್ಯಾಜ್ಯಕ್ಕೆ ಕೊಡುವವರೆಗೆ ಮಕ್ಕಳ ಕೈಗೆಟುಕದ ಕಡೆ ಎತ್ತಿಡಿ.