ಧರೆ ಅಗೆಯುವ ಮೊದಲು

ಮಲೆನಾಡಿನಲ್ಲಿ ಮನೆ ಕಟ್ಟುವುದೆಂದರೆ ಮೊದಲು ಜಾಗವನ್ನು ಸಮತಟ್ಟು ಮಾಡಿಕೊಳ್ಳಬೇಕು. ಗುಡ್ಡವನ್ನು ಒಂದು ಕಡೆ ಅಗೆದು, ಅದೇ ಮಣ್ಣನ್ನು ಇನ್ನೊಂದು ಕಡೆ ತುಂಬಿದರೆ ಅಂಗಳ ಸಿದ್ಧ. ಅಗೆದ ಕಡೆ ಗೋಡೆಯಂತೆ ನಿಲ್ಲುವ ಮಣ್ಣಿಗೆ ಮಲೆನಾಡಿನವರು ‘ಧರೆ’ ಎನ್ನುತ್ತಾರೆ, ಕೊಡಗಿನ ಕಡೆ ‘ಬರೆ’ ಎನ್ನುತ್ತಾರೆ. ಗುದ್ದಲಿಯಿಂದ ತಿಂಗಳುಗಟ್ಟಲೆ ನಡೆಯುತ್ತಿದ್ದ ಈ ಕೆಲಸವನ್ನು ಈಗ ಯಂತ್ರವು ಒಂದೆರಡು ದಿನದಲ್ಲಿ ಮುಗಿಸುತ್ತದೆ. ಹೀಗಾಗಿ ಇನ್ನೊಂದು ಕೋಣೆ ಬೇಕೆಂದರೂ, ವಾಹನ ನಿಲ್ಲಿಸಲು ಜಾಗ ಬೇಕೆಂದರೂ ಧರೆಯನ್ನು ಮತ್ತಷ್ಟು ಕಡಿಯುವುದು ಸುಲಭದ ದಾರಿಯಾಗಿದೆ.

2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನ ಅನೇಕ ಕಡೆ ಗುಡ್ಡಗಳು ಜರಿದವು. ಬಿರುಮಳೆಯ ಜೊತೆಗೆ, ರಸ್ತೆ ಮತ್ತು ಮನೆಗಳಿಗಾಗಿ ಇಳಿಜಾರನ್ನು ಸರಿಯಾದ ರಕ್ಷಣೆಯಿಲ್ಲದೆ ಕಡಿದದ್ದೂ ಇದಕ್ಕೆ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಹೇಳಿತು. ಆ ಮಳೆಗಾಲ ಮುಗಿದ ಮೇಲೆ ಚಿತ್ರೀಕರಣಕ್ಕೆ ಹೋದಾಗ ನಾನೊಂದು ಮನೆ ನೋಡಿದೆ. ಹಿಂದಿನ ಕೋಣೆಯಲ್ಲಿ ಮಂಚದ ಎತ್ತರಕ್ಕೆ ಕೆಂಪು ಮಣ್ಣು ತುಂಬಿತ್ತು. ಆ ರಾತ್ರಿ ಚಳಿಯೆಂದು ಅಜ್ಜಿ ಒಲೆಯ ಬಳಿ ಮಲಗಿದ್ದರಿಂದ ಬದುಕಿ ಉಳಿದಿದ್ದರು. “ಅವರಿಗೆ ಅನುಕೂಲವಾಗಲಿ ಅಂತಲೇ ಬರೆ ಕಡಿಸಿ ಈ ಕೋಣೆ ಕಟ್ಟಿಸಿದ್ದು” ಎಂದು ಮನೆಯ ಯಜಮಾನರು ತಲೆ ತಗ್ಗಿಸಿದರು.

ಬೇಸಿಗೆಯಲ್ಲಿ ನೆಟ್ಟಗೆ ನಿಂತಿದ್ದ ಧರೆ ಮಳೆಗಾಲದಲ್ಲಿ ಏಕೆ ಕುಸಿಯುತ್ತದೆ? ಒಣ ಮರಳನ್ನು ನೆಲಕ್ಕೆ ಸುರಿದು ನೋಡಿ. ರಾಶಿಯ ಇಳಿಜಾರು ಸುಮಾರು 30ರಿಂದ 35 ಡಿಗ್ರಿಯಲ್ಲಿ ನಿಲ್ಲುತ್ತದೆ. ಗುರುತ್ವಾಕರ್ಷಣೆ ಕಣಗಳನ್ನು ಕೆಳಗೆಳೆಯುತ್ತದೆ, ಕಣಗಳ ನಡುವಿನ ಘರ್ಷಣೆ ಅವನ್ನು ತಡೆಯುತ್ತದೆ. ಧರೆಯ ಮಣ್ಣಿನಲ್ಲಿ ಜೇಡಿಯ ಅಂಟುಗುಣವೂ ಇರುವುದರಿಂದ ಅದು ಇನ್ನೂ ಕಡಿದಾಗಿ ನಿಲ್ಲಬಲ್ಲದು. ಆದರೆ ನೀರು ಇಂಗಿದಂತೆ ಮಣ್ಣಿನ ತೂಕ ಹೆಚ್ಚುತ್ತದೆ, ಅಂಟು ಸಡಿಲವಾಗುತ್ತದೆ. ಕಣಗಳ ನಡುವೆ ತುಂಬಿದ ನೀರಿನ ಒತ್ತಡ ಘರ್ಷಣೆಯನ್ನು ಕುಗ್ಗಿಸುತ್ತದೆ. ಎಳೆಯುವ ಬಲ ತಡೆಯುವ ಬಲವನ್ನು ಮೀರಿದ ಕ್ಷಣ ಧರೆ ಜಾರುತ್ತದೆ.

ಆದ್ದರಿಂದ ಯಂತ್ರ ಬರುವ ಮೊದಲೇ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು.

ಮೊದಲನೆಯದು, ಇಳಿಜಾರು ಎಷ್ಟು? ಗುಡ್ಡದ ಏರಿನಲ್ಲಿ, ಒಂದರಿಂದೊಂದಕ್ಕೆ ಮಟ್ಟವಾಗಿ 2 ಮೀಟರ್ ಅಂತರವಿರುವಂತೆ ಎರಡು ಕೋಲುಗಳನ್ನು ನೆಡಿ. ಗಾರೆಯವರು ಮಟ್ಟ ನೋಡುವ ನೀರಿನ ಪೈಪಿನಿಂದ ಎರಡೂ ಕೋಲುಗಳ ಮೇಲೆ ಒಂದೇ ಮಟ್ಟದ ಗುರುತು ಹಾಕಿ. ನೆಲದಿಂದ ಗುರುತಿನವರೆಗಿನ ಎತ್ತರಗಳ ವ್ಯತ್ಯಾಸ 1 ಮೀಟರ್ ಇದ್ದರೆ ಇಳಿಜಾರು ಸುಮಾರು 27 ಡಿಗ್ರಿ, 2 ಮೀಟರ್ ಇದ್ದರೆ 45 ಡಿಗ್ರಿ. ಇಳಿಜಾರು ಹೆಚ್ಚಿದಂತೆ, ಅದೇ ಅಗಲದ ಜಾಗಕ್ಕೆ ಕಡಿಯಬೇಕಾದ ಧರೆಯ ಎತ್ತರವೂ ಹೆಚ್ಚುತ್ತದೆ.

ಎರಡನೆಯದು, ಮಣ್ಣು ಎಂಥದು? ಗಾಜಿನ ಬಾಟಲಿಯಲ್ಲಿ ಒಂದು ಹಿಡಿ ಮಣ್ಣು, ಮುಕ್ಕಾಲು ಪಾಲು ನೀರು ಹಾಕಿ ಚೆನ್ನಾಗಿ ಕುಲುಕಿ ಇಡಿ. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ, ಜೇಡಿ ಒಂದು ದಿನವಾದರೂ ನೀರನ್ನು ಕಲಕಾಗಿಯೇ ಇಡಬಹುದು. ಜೇಡಿ ಹೆಚ್ಚಿರುವ ಮಣ್ಣು ಕುಡಿದ ನೀರನ್ನು ಬೇಗ ಬಿಡುವುದಿಲ್ಲ. ಅಂಗಳದ ಅಂಚಿಗೆ ತುಂಬಿದ ಸಡಿಲ ಮಣ್ಣಂತೂ ಮೂಲ ನೆಲದಷ್ಟು ಗಟ್ಟಿಯಲ್ಲ. ಅದರ ಮೇಲೆ ಪಾಯ ಹಾಕಿದರೆ ನಿಮ್ಮ ಮನೆಗೂ, ಕೆಳಗಿನ ನೆರೆಮನೆಗೂ ಅಪಾಯ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ನೀರು ಎಲ್ಲಿಗೆ ಹೋಗುತ್ತದೆ? 100 ಚದರ ಮೀಟರ್ ಮಾಡಿನ ಮೇಲೆ 100 ಮಿಲಿಮೀಟರ್ ಮಳೆ ಸುರಿದರೆ 10,000 ಲೀಟರ್, ಅಂದರೆ 10 ಟನ್ ನೀರು. ಮಲೆನಾಡಿನಲ್ಲಿ ಇದು ಒಂದೇ ದಿನದ ಮಳೆಯಾಗಿರಬಹುದು. ಈ ನೀರು ಧರೆಯ ತಲೆಗೋ ಬುಡಕ್ಕೋ ಬಿದ್ದರೆ ಮಣ್ಣು ಕೊಚ್ಚಿಹೋಗುತ್ತದೆ. ಅದನ್ನು ಗಟ್ಟಿ ಚರಂಡಿಯಲ್ಲಿ ದೂರಕ್ಕೆ ಸಾಗಿಸಬೇಕು. ಧರೆಯ ಮೇಲ್ಭಾಗದಲ್ಲೂ ಅಡ್ಡ ಚರಂಡಿ ಬೇಕು. ಇಂಗುಗುಂಡಿ ಒಳ್ಳೆಯದೆಂದು ನಾವೆಲ್ಲ ಕಲಿತಿದ್ದೇವೆ. ಬಯಲುಸೀಮೆಗೆ ಅದು ವರದಾನವೇ ಸರಿ. ಆದರೆ ಮನೆಯ ಹಿಂದಿನ ಕಡಿದಾದ ಗುಡ್ಡದಲ್ಲಿ ಅದನ್ನು ತೋಡಿದರೆ ಕುಸಿತಕ್ಕೆ ನಾವೇ ನೀರು ಕೊಟ್ಟಂತೆ.

ಕಲ್ಲಿನ ಗೋಡೆ ಕಟ್ಟಿದರಾಯಿತಲ್ಲ ಎನ್ನುವಿರಾ? 3 ಮೀಟರ್ ಎತ್ತರದ ಗೋಡೆಯ ಹಿಂದೆ ತುದಿಯವರೆಗೆ ನೀರು ನಿಂತರೆ, ಪ್ರತಿ ಮೀಟರ್ ಉದ್ದಕ್ಕೆ ಸುಮಾರು 4.5 ಟನ್ ತೂಕಕ್ಕೆ ಸಮನಾದ ಬಲ ನೀರಿನಿಂದಲೇ ಬೀಳುತ್ತದೆ. ಮಣ್ಣಿನ ಒತ್ತಡ ಬೇರೆ. ಆದ್ದರಿಂದ ಗೋಡೆಯ ಹಿಂದೆ ಜಲ್ಲಿ ತುಂಬಿ, ನೀರು ಹೊರಬರಲು ತೂತುಗಳನ್ನು ಬಿಡಲೇಬೇಕು. ಧರೆಯನ್ನು ನೇರವಾಗಿ ಕಡಿಯದೆ ಮೆಟ್ಟಿಲುಮೆಟ್ಟಿಲಾಗಿ ಕಡಿಯುವುದು, ಮನೆಗೂ ಧರೆಗೂ ನಡುವೆ ಸಾಕಷ್ಟು ಜಾಗ ಬಿಡುವುದು ಒಳ್ಳೆಯದು. ಲಾವಂಚದ ಬೇರು 2ರಿಂದ 3 ಮೀಟರ್ ಆಳಕ್ಕೆ ಇಳಿದು ಮೇಲ್ಮಣ್ಣಿನ ಸವಕಳಿ ತಡೆಯುತ್ತದೆ. ಆದರೆ ಆಳದಿಂದ ಜಾರುವ ಗುಡ್ಡವನ್ನು ಯಾವ ಹುಲ್ಲೂ ಹಿಡಿದು ನಿಲ್ಲಿಸದು. ಆಳೆತ್ತರ ಮೀರಿದ ಧರೆಗೆ ಎಂಜಿನಿಯರರ ಸಲಹೆ ಪಡೆಯಲೇಬೇಕು.

ಭೂಕುಸಿತದ ಸಂಭವ ತೋರಿಸುವ ಸರ್ಕಾರಿ ನಕ್ಷೆಗಳು ಇವೆಯಲ್ಲ ಎಂದು ನೀವು ಕೇಳಬಹುದು. 1:50,000 ಪ್ರಮಾಣದ ನಕ್ಷೆಯಲ್ಲಿ 1 ಸೆಂಟಿಮೀಟರ್ ಎಂದರೆ ನೆಲದ ಮೇಲೆ 500 ಮೀಟರ್. ಅಂಥ ನಕ್ಷೆ ಊರಿನ ಅಪಾಯವನ್ನು ತಿಳಿಸಬಲ್ಲದು, ಆದರೆ ನಿಮ್ಮ ಹಿತ್ತಲಿನ ಧರೆ ಅದರಲ್ಲಿ ಕಾಣುವುದಿಲ್ಲ. ಅದನ್ನು ನೋಡಬೇಕಾದವರು ಮನೆಯವರೇ.

ಮಿತ್ರರೇ, ಮಳೆಗಾಲಕ್ಕೆ ಮೊದಲು ಒಮ್ಮೆ ಮನೆಯ ಸುತ್ತ ನಡೆದು ನೋಡಿ. ಧರೆಯ ಮೇಲೆ ಬಿಲ್ಲಿನಾಕಾರದ ಬಿರುಕು ಬಿಟ್ಟಿದೆಯೇ? ಮರ ಅಥವಾ ವಿದ್ಯುತ್ ಕಂಬ ವಾಲಿದೆಯೇ? ನಿನ್ನೆಯವರೆಗೆ ಸಲೀಸಾಗಿದ್ದ ಬಾಗಿಲು ಇಂದು ಬಿಗಿಯುತ್ತಿದೆಯೇ? ಧರೆಯ ಬುಡದಲ್ಲಿ ಹೊಸ ಒರತೆ ಎದ್ದಿದೆಯೇ, ತಿಳಿಯಾಗಿದ್ದ ಒರತೆ ಕೆಂಪಾಗಿದೆಯೇ? ಮಳೆಯ ದಿನಗಳಲ್ಲಿ ಇವುಗಳಲ್ಲಿ ಒಂದು ಕಂಡರೂ ಆ ರಾತ್ರಿ ಅಲ್ಲಿ ಮಲಗಬೇಡಿ. ಹಿರಿಯರನ್ನೂ ಒಪ್ಪಿಸಿ ಹೊರಡಿಸಿ, ಕೆಳಗಿನ ಮನೆಯವರಿಗೂ ತಿಳಿಸಿ. ಮನೆಯನ್ನು ಮತ್ತೆ ಕಟ್ಟಬಹುದು, ಅಜ್ಜಿ ಮತ್ತೆ ಸಿಗುವುದಿಲ್ಲ.